ಅಟ್ಟದ ಧಗೆ ಮತ್ತು ಕರಪತ್ರದ ಡಿಗ್ರಿ

ಹರಿಹರದಿಂದ ದಿನವೂ ದಾವಣಗೆರೆಗೆ ಬಂದು ಓದುವ ವಿದ್ಯಾರ್ಥಿಯೊಬ್ಬ ಬೇಸಿಗೆಯ ಮೊದಲಲ್ಲಿ ಮೂರು ಕರಪತ್ರಗಳನ್ನು ಹಿಡಿದು ನನ್ನ ಕೊಠಡಿಗೆ ಬಂದ. ಅವರದು ಹಳೆಯ ಹೆಂಚಿನ ಮನೆ. ಅಜ್ಜನ ಕಾಲದಲ್ಲಿ ಜೋಳದ ಚೀಲ, ಈರುಳ್ಳಿ, ಮದುವೆಯ ದೊಡ್ಡ ಪಾತ್ರೆಗಳನ್ನು ಇಡುತ್ತಿದ್ದ ಅಟ್ಟ ಈಗ ಬರಿದಾಗಿದೆ. ಕೆಳಗೆ ಮೂರು ಕೋಣೆ, ಏಳು ಜನ. ಪರೀಕ್ಷೆ ಹತ್ತಿರವಿತ್ತು. ಅಟ್ಟಕ್ಕೊಂದು ಕಿಟಕಿ ಇಟ್ಟು, ಹಲಗೆ ಹೊಡೆದು, ಅಲ್ಲೇ ಓದುವ ಕೋಣೆ ಮಾಡಿಕೊಳ್ಳಬೇಕೆಂಬ ಹುಮ್ಮಸ್ಸು ಅವನದು. ಮರಗೆಲಸ ಬಲ್ಲ ಸೋದರಮಾವ ಜೊತೆಗಿದ್ದರು, ಕೂಲಿಯ ಖರ್ಚಿಲ್ಲ. ಆದರೆ ಬೆಳಗಿನ ಹನ್ನೊಂದರ ನಂತರ ಅಲ್ಲಿ ಕೂರಲಾಗದಷ್ಟು ಧಗೆ. "ಸರ್, ಈ ಮೂರರಲ್ಲಿ ಯಾವುದನ್ನು ಹಾಕಿಸಲಿ?" ಎಂದ. ಅವನ ಬಳಿ ಇದ್ದ ಹಣ ಒಂದಕ್ಕೆ ಮಾತ್ರ ಸಾಲುತ್ತಿತ್ತು.

ಒಂದು ಕರಪತ್ರ ಮಾಡಿಗೆ ಬಳಿಯುವ ಬಿಳಿ ಬಣ್ಣದ್ದು, ಇನ್ನೊಂದು ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ಹಾಳೆಯದ್ದು, ಮೂರನೆಯದು ಥರ್ಮೋಕೋಲ್ ಹಲಗೆಯದ್ದು. ಮೂರನ್ನೂ ಉತ್ತರಪತ್ರಿಕೆ ತಿದ್ದುವಂತೆ ಓದಿದೆ. ಭಾಷೆ ಅಚ್ಚುಕಟ್ಟು, ಚಿತ್ರಗಳು ಚೆಂದ. ಭೌತಶಾಸ್ತ್ರಕ್ಕೆ ಮಾತ್ರ ಪಾಸು ಅಂಕ ಕೊಡುವುದು ಕಷ್ಟವಾಯಿತು. ಇಂಥ ಕರಪತ್ರಗಳು ನಿಮ್ಮ ಊರಿನ ಅಂಗಡಿಗಳಲ್ಲೂ ಸಿಗುತ್ತವೆ, ನಿಮ್ಮ ವಿದ್ಯಾರ್ಥಿಗಳೂ ಇದೇ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ತಪ್ಪುಗಳು ಎಲ್ಲಿವೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಯಾವ ಡಿಗ್ರಿ?

ಮೂರು ಕರಪತ್ರಗಳೂ ಇಷ್ಟು ಡಿಗ್ರಿ ಕಡಿಮೆಯಾಗುತ್ತದೆ ಎಂದು ಆಶ್ವಾಸನೆ ಕೊಡುತ್ತವೆ. ಎಲ್ಲಿ ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಒಂದೂ ಹೇಳುವುದಿಲ್ಲ. ಬಿಸಿಲಿಗೆ ಒಡ್ಡಿದ ಹೆಂಚಿನ ಮೇಲ್ಮೈಗೆ ಒಂದು ತಾಪವಿದೆ, ಮಾಡಿನ ಒಳಮೈಗೆ ಇನ್ನೊಂದು, ಕೋಣೆಯ ಗಾಳಿಗೆ ಮತ್ತೊಂದು. ಬಿಳಿ ಬಣ್ಣ ಬಳಿದಾಗ ಹೆಂಚಿನ ಮೇಲ್ಮೈ 15 ಡಿಗ್ರಿಗೂ ಹೆಚ್ಚು ತಣ್ಣಗಾಗಬಹುದು. ಅದೇ ಹೊತ್ತಿನಲ್ಲಿ, ಕಿಟಕಿ ತೆರೆದಿರುವ ಕೋಣೆಯ ಗಾಳಿ ಇಳಿಯುವುದು ಎರಡು ಮೂರು ಡಿಗ್ರಿ ಮಾತ್ರ ಆಗಿರಬಹುದು. ಏಕೆಂದರೆ ಆ ಗಾಳಿ ಹೊರಗಿನ 38 ಡಿಗ್ರಿಯ ಗಾಳಿಯೇ. ಎರಡೂ ನಿಜ. ಆದರೆ ಮೊದಲನೆಯದನ್ನು ಅಳೆದು ಎರಡನೆಯದೆಂಬಂತೆ ಮಾರುವುದು ಸರಿಯಲ್ಲ.

ಹಾಗೆಂದು ಗಾಳಿಯ ತಾಪವೊಂದೇ ಮುಖ್ಯ ಎಂದುಕೊಂಡರೂ ತಪ್ಪೇ. ತಲೆಯ ಮೇಲೆ ನಾಲ್ಕು ಅಡಿ ದೂರದಲ್ಲಿ 60 ಡಿಗ್ರಿಯ ಹೆಂಚು ಇದ್ದರೆ ಅದರ ವಿಕಿರಣ ನೇರವಾಗಿ ನಿಮ್ಮ ನೆತ್ತಿಗೆ ಬಡಿಯುತ್ತದೆ. ಗಾಳಿಯ ತಾಪಮಾಪಕಕ್ಕೆ ಅದು ಅಷ್ಟಾಗಿ ತಿಳಿಯುವುದಿಲ್ಲ, ನೆತ್ತಿಗೆ ತಿಳಿಯುತ್ತದೆ. ಫ್ಯಾನ್ ಹಾಕಿದರೂ ಝಳ ಹೋಗಲಿಲ್ಲ ಎಂದು ನಾವು ಗೊಣಗುವುದು ಇದಕ್ಕೇ. ಅಟ್ಟದಂಥ ತಗ್ಗು ಮಾಡಿನ ಕೋಣೆಯಲ್ಲಿ ಕೇಳಬೇಕಾದ ಮೊದಲ ಅಂಕಿ ಒಳಮೈಯ ತಾಪ.

ಅದನ್ನು ಅಳೆಯುವಲ್ಲೂ ಒಂದು ಮೋಸ ನುಸುಳುತ್ತದೆ, ಕೆಲವೊಮ್ಮೆ ಅಂಗಡಿಯವರಿಗೂ ಅರಿವಿಲ್ಲದೆ. ಕೊರೊನಾ ಕಾಲದಲ್ಲಿ ಎಲ್ಲರೂ ಕಂಡ, ಹಣೆಗೆ ಹಿಡಿಯುವ ಗನ್ ಮಾದರಿಯದೇ ತಾಪಮಾಪಕವನ್ನು ಫಾಯಿಲ್ ಕಡೆಗೆ ಹಿಡಿದು "ನೋಡಿ ಸಾರ್, ಎಷ್ಟು ತಣ್ಣಗಿದೆ" ಎನ್ನುತ್ತಾರೆ. ಆ ಸಾಧನ ಅಳೆಯುವುದು ಮೇಲ್ಮೈಯಿಂದ ಹೊರಡುವ ಅವರಕ್ತ ವಿಕಿರಣವನ್ನು. ಮೇಲ್ಮೈಯ ಉತ್ಸರ್ಜಕತೆ ಸುಮಾರು 0.95 ಎಂದು ಭಾವಿಸಿಕೊಂಡು ಅದು ಡಿಗ್ರಿ ತೋರಿಸುತ್ತದೆ. ಹೊಳೆಯುವ ಅಲ್ಯೂಮಿನಿಯಂ ಉತ್ಸರ್ಜಕತೆ 0.05ರ ಆಸುಪಾಸು. ಅದು ತನ್ನ ತಾಪವನ್ನು ಹೇಳುವುದೇ ಇಲ್ಲ, ಎದುರಿಗಿರುವ ನೆಲದ ತಾಪವನ್ನು ಕನ್ನಡಿಯಂತೆ ತೋರಿಸುತ್ತದೆ. ಫಾಯಿಲ್ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿ, ಟೇಪಿನ ಮೇಲೆ ಗುರಿಯಿಟ್ಟು ನೋಡಿ, ಅಂಕಿ ಜಿಗಿಯುತ್ತದೆ. ಕಿರ್ಕಾಫ್ ನಿಯಮವನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ.

ನಮ್ಮ ಪುಸ್ತಕದ ಪಾಲು

ತಪ್ಪು ಅಂಗಡಿಯವರದು ಮಾತ್ರವಲ್ಲ, ಪಾಠ ಹೇಳುವ ನಮ್ಮದೂ ಇದೆ. ಉಷ್ಣವಹನದ ಲೆಕ್ಕಗಳಲ್ಲಿ ಸರಳಿನ ಒಂದು ತುದಿ ಹಬೆಯಲ್ಲಿರುತ್ತದೆ, ಇನ್ನೊಂದು ಮಂಜುಗಡ್ಡೆಯಲ್ಲಿ. 100 ಡಿಗ್ರಿ, ಸೊನ್ನೆ ಡಿಗ್ರಿ ಎಂದು ಎರಡು ತುದಿಗಳ ತಾಪವನ್ನೂ ಮೊದಲೇ ಕೊಟ್ಟಿರುತ್ತಾರೆ. ವಿದ್ಯಾರ್ಥಿ ಸೂತ್ರಕ್ಕೆ ಅಂಕಿ ತುಂಬಿ ಉತ್ತರ ಬರೆಯುತ್ತಾನೆ. ಮಾಡಿನ ವಿಷಯದಲ್ಲಿ ಹೀಗೆ ಯಾರೂ ತಾಪ ಕೊಡುವುದಿಲ್ಲ. ಅಲ್ಲಿ ಸಿಗುವುದು ಬಿಸಿಲು. ಹೆಂಚು ಎಷ್ಟು ಕಾಯಬೇಕೆಂಬುದನ್ನು ಅದರ ಬಣ್ಣ, ಬೀಸುವ ಗಾಳಿ, ಕೆಳಗೆ ನೀವು ಹಾಕಿದ ಪದರ ಎಲ್ಲವೂ ಸೇರಿ ತೀರ್ಮಾನಿಸುತ್ತವೆ. ವಹನ, ಸಂವಹನ, ವಿಕಿರಣಗಳನ್ನು ಮೂರು ಬೇರೆ ಬೇರೆ ಪಾಠಗಳಾಗಿ ಓದಿದ ಹುಡುಗನಿಗೆ ಅವು ಒಂದೇ ಹೆಂಚಿನ ಮೇಲೆ ಒಟ್ಟಿಗೆ ನಡೆಯುತ್ತವೆ ಎಂಬುದು ಹೊಳೆಯುವುದೇ ಇಲ್ಲ. ಅವನು ಅಂಗಡಿಗೆ ಹೋಗಿ ಉಷ್ಣವಾಹಕತೆ ಯಾವುದರದು ಕಡಿಮೆ ಎಂದಷ್ಟೇ ಕೇಳುತ್ತಾನೆ.

ಲೆಕ್ಕವನ್ನು ಮಾಡಿಯೇ ನೋಡೋಣ. ದಾವಣಗೆರೆ, ಹರಿಹರಗಳು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 29ರ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗಸ್ಟಿನಲ್ಲಿ ಮೋಡ ಕಾಪಾಡುತ್ತದೆ, ಏಪ್ರಿಲಿನಲ್ಲಿ ಕಾಪಾಡುವವರಿಲ್ಲ. ಪ್ರತಿ ಚದರ ಮೀಟರಿಗೆ 950 ವಾಟ್ ಬಿಸಿಲು, ಗಾಳಿಯ ತಾಪ 38 ಡಿಗ್ರಿ ಎನ್ನೋಣ. ಹಾವಸೆ, ಹೊಗೆ ಹಿಡಿದ ಹಳೆಯ ಹೆಂಚು ಬಿಸಿಲಿನ ನೂರಕ್ಕೆ 75 ಭಾಗ ಹೀರುತ್ತದೆ. ಮೇಲ್ಮೈಯಿಂದ ಹೊರಗಾಳಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 20 ವಾಟ್ ಹೋಗುತ್ತದೆ ಎಂದಿಟ್ಟುಕೊಂಡು, ಆಕಾಶಕ್ಕೆ ವಿಕಿರಣವಾಗಿ ಹೋಗುವ ಶಾಖಕ್ಕೆಂದು ನಾಲ್ಕು ಡಿಗ್ರಿ ಕಳೆದರೆ, ಹೆಂಚಿನ ಮಟ್ಟಿಗೆ ಹೊರಗಿನ ಲೋಕ 38 ಡಿಗ್ರಿಯದಲ್ಲ, 70 ಡಿಗ್ರಿಯದು. ಬಿಸಿಲು ಮತ್ತು ಗಾಳಿ ಎರಡನ್ನೂ ಸೇರಿಸಿ ಹೇಳುವ ಈ ತಾಪವನ್ನು ಸೌರ-ವಾಯು ತಾಪ ಎನ್ನಬಹುದು.

ಹೆಂಚಿನ ಸ್ವಂತ ಉಷ್ಣರೋಧ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಹೊರ ಮತ್ತು ಒಳ ಮೇಲ್ಮೈಗಳ ಪಕ್ಕದ ತೆಳು ಗಾಳಿಪದರಗಳ ರೋಧ ಕ್ರಮವಾಗಿ 0.05 ಮತ್ತು 0.17, ಒಟ್ಟು 0.22. ವ್ಯತ್ಯಾಸ 32 ಡಿಗ್ರಿ. ಭಾಗಿಸಿದರೆ ಚದರ ಮೀಟರಿಗೆ 145 ವಾಟ್. ಇಳಿಜಾರನ್ನು ಮರೆತು 10 ಅಡಿಗೆ 12 ಅಡಿಯ ಅಟ್ಟವನ್ನು 11 ಚದರ ಮೀಟರ್ ಎಂದು ಹಿಡಿದರೆ ಒಟ್ಟು 1600 ವಾಟ್. ನೀರು ಕಾಯಿಸುವ ಒಂದೂವರೆ ಕಿಲೋವಾಟಿನ ಕಾಯಿಲ್ ಒಂದನ್ನು ನೆತ್ತಿಯ ಮೇಲೆ ನೇತುಹಾಕಿಕೊಂಡು ಓದಲು ಕುಳಿತಂತೆ. ಹೆಂಚಿನ ಒಳಮೈ ಆಗ 63 ಡಿಗ್ರಿ. ಹೆಂಚಿನ ಬದಲು ತುಕ್ಕು ಹಿಡಿದ ತಗಡಿನ ಶೀಟಿದ್ದರೂ ಲೆಕ್ಕ ಹೆಚ್ಚು ಕಡಿಮೆ ಇದೇ. ದಾವಣಗೆರೆಯ ಕಾಲೇಜುಗಳ ಸುತ್ತಮುತ್ತ ತಾರಸಿಯ ಮೇಲೆ ಶೀಟು ಹೊದಿಸಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಕೋಣೆಗಳೂ ಇದೇ ಲೆಕ್ಕದಲ್ಲಿ ಬರುತ್ತವೆ.

ಇಲ್ಲೊಂದು ಮಾತು ಹೇಳಬೇಕು. ಅಟ್ಟ ಬರಿದಾಗಿದೆ ಎಂದು ನಮ್ಮ ಹುಡುಗ ಅಂದದ್ದು ಪೂರ್ತಿ ಸರಿಯಲ್ಲ. ಅದರಲ್ಲಿ ಗಾಳಿ ಇತ್ತು, ಆ ಗಾಳಿಗೆ ಒಂದು ಕೆಲಸವೂ ಇತ್ತು. ಬಿಸಿಗಾಳಿ ಹೆಂಚಿನ ಸಂದುಗಳಲ್ಲಿ ಹೊರಹೋಗುತ್ತಿತ್ತು, ಕೆಳಗಿನ ಕೋಣೆಗೆ ಅಟ್ಟವೇ ಶಾಖರೋಧಕವಾಗಿತ್ತು. ಅಟ್ಟವನ್ನು ಕೋಣೆ ಮಾಡಿಕೊಳ್ಳುವುದೆಂದರೆ ಶಾಖರೋಧಕದ ಒಳಗೇ ಹೋಗಿ ಕೂರುವುದು. ಹಳಬರು ಅಲ್ಲಿ ಈರುಳ್ಳಿ ಇಟ್ಟರು, ಮನುಷ್ಯರನ್ನಲ್ಲ.

ಥರ್ಮೋಕೋಲ್: ಮೊದಲ ಇಂಚು, ಎರಡನೆಯ ಇಂಚು

ಥರ್ಮೋಕೋಲ್ ಕರಪತ್ರ ಮೂರು ದಪ್ಪಗಳನ್ನು ಪಟ್ಟಿ ಮಾಡಿ, ದಪ್ಪ ಹೆಚ್ಚಿದಷ್ಟೂ ಲಾಭ ಎನ್ನುತ್ತದೆ. ಒಂದು ಇಂಚಿನ, ಅಂದರೆ 25 ಮಿಲಿಮೀಟರ್ ಹಲಗೆಯ ಉಷ್ಣರೋಧ ಸುಮಾರು 0.7. ಅದನ್ನು 0.22ಕ್ಕೆ ಸೇರಿಸಿ ಮತ್ತೆ ಭಾಗಿಸಿ. ಒಳಗೆ ಬರುವ ಶಾಖ 1600ರಿಂದ 380 ವಾಟಿಗೆ ಇಳಿಯುತ್ತದೆ. ಎರಡನೆಯ ಇಂಚು ಹಾಕಿದರೆ 220, ಮೂರನೆಯದಕ್ಕೆ 150. ಮೊದಲ ಇಂಚು ಉಳಿಸಿದ್ದು 1220 ವಾಟ್, ಎರಡನೆಯದು 160, ಮೂರನೆಯದು 70. ಬೆಲೆ ಮಾತ್ರ ಮೂರಕ್ಕೂ ಒಂದೇ. ಭಾಗಲಬ್ಧದ ಈ ಗುಣವನ್ನು ಗ್ರಾಫ್ ಹಾಳೆಯ ಮೇಲೆ ಬರೆದು ತೋರಿಸಿದರೆ ಪಿಯುಸಿ ಹುಡುಗರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಥರ್ಮೋಕೋಲಿನ ಮೇಲೆ ನನ್ನ ಆಕ್ಷೇಪ ಬೇರೆ ಇದೆ. ಕೆಳಗೆ ಶಾಖರೋಧಕ ಹಾಕಿದೊಡನೆ ಮೇಲಿನ ಶೀಟು ಅಥವಾ ಹೆಂಚು ಇನ್ನೂ ಹೆಚ್ಚು ಕಾಯುತ್ತದೆ, ಏಕೆಂದರೆ ಶಾಖಕ್ಕೆ ಕೆಳಗಿಳಿಯುವ ದಾರಿ ಮುಚ್ಚಿದೆ. 63 ಇದ್ದದ್ದು 70ರ ಹತ್ತಿರ ಹೋಗುತ್ತದೆ. ಪಾಲಿಸ್ಟೈರೀನ್ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುವ ವಸ್ತು. ಕಾದ ಶೀಟಿಗೆ ನೇರವಾಗಿ ಅಂಟಿಸಿದ ಹಲಗೆ ಕೆಲವು ಬೇಸಿಗೆಗಳಲ್ಲಿ ಸೊಟ್ಟಗಾಗಿ ಜೋತುಬಿದ್ದರೆ ಆಶ್ಚರ್ಯವಿಲ್ಲ. ಇದಕ್ಕಿಂತ ದೊಡ್ಡದು ಬೆಂಕಿಯ ಭಯ. ಥರ್ಮೋಕೋಲ್ ಹೊತ್ತಿಕೊಂಡರೆ ಕರಗಿ ಉರಿಯುವ ಹನಿಗಳಾಗಿ ಕೆಳಗೆ ಬೀಳುತ್ತದೆ, ದಟ್ಟ ಕಪ್ಪು ಹೊಗೆ ಬಿಡುತ್ತದೆ. ಒಂದೇ ಏಣಿ, ಒಂದೇ ಕಿಟಕಿ, ಮಾವನೋ ಅಳಿಯನೋ ಎಳೆದ ವೈರು ಇರುವ ಅಟ್ಟದಲ್ಲಿ ಅದನ್ನು ತೆರೆದಿಡುವುದು ಸಲ್ಲದು. ಹಾಕಲೇಬೇಕೆಂದರೆ ಬೆಂಕಿ ತಡೆಯುವ ದರ್ಜೆಯದೇ ಬೇಕು, ಕೆಳಗೆ ಜಿಪ್ಸಂ ಬೋರ್ಡಿನ ಹೊದಿಕೆ ಬೇಕು. ವೈರು ಪೈಪಿನೊಳಗೆ ಇರಬೇಕು. ಕರಪತ್ರದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಅಂಕ ಕಳೆಯಲು ಇಷ್ಟು ಸಾಕು.

ಫಾಯಿಲ್: ಇಂಗ್ಲೆಂಡಿನ ಪಾಠ ಇಲ್ಲಿ ತಲೆಕೆಳಗು

ಫಾಯಿಲ್ ಕರಪತ್ರ ತನ್ನ ಸರಕು ಎಷ್ಟು ಮಿಲಿಮೀಟರ್ ಉಣ್ಣೆಗೆ ಸಮ ಎಂದು ಒಂದು ಅಂಕಿ ಕೊಡುತ್ತದೆ. ಆ ಅಂಕಿ ಯಾವ ದೇಶದ್ದು, ಶಾಖ ಯಾವ ದಿಕ್ಕಿಗೆ ಹರಿಯುವಾಗಿನದು ಎಂಬುದಿಲ್ಲ. ಮಾಡಿನ ಶಾಖರೋಧಕದ ಬಗ್ಗೆ ನಮಗೆ ಸಿಗುವ ಸಾಹಿತ್ಯ ಬಹುಪಾಲು ಚಳಿ ದೇಶಗಳದು. ಬ್ರಿಟನ್ನಿನಲ್ಲಿ ಅಟ್ಟಕ್ಕೆ 270 ಮಿಲಿಮೀಟರ್ ಖನಿಜ ಉಣ್ಣೆ ಹಾಸುವಂತೆ ಸಲಹೆ ಕೊಡುತ್ತಾರೆ. ಅಲ್ಲಿಗೆ ಅದು ಸರಿ. ಅಲ್ಲಿ ಚಳಿಗಾಲದಲ್ಲಿ ಶಾಖ ಕೋಣೆಯಿಂದ ಮೇಲಕ್ಕೆ ಹೋಗುತ್ತದೆ. ನಮ್ಮಲ್ಲಿ ಅದು ಮಾಡಿನಿಂದ ಕೆಳಕ್ಕೆ ಬರುತ್ತದೆ. ಘನವಸ್ತುವಿಗೆ ಈ ದಿಕ್ಕಿನ ಪರಿವೆ ಇಲ್ಲ, ಗಾಳಿಗೆ ಇದೆ.

ಹೆಂಚಿಗೂ ಅದರ ಕೆಳಗಿನ ಹಲಗೆಗೂ ನಡುವೆ 100 ಮಿಲಿಮೀಟರ್ ಗಾಳಿಯ ಅಂತರ ಬಿಟ್ಟಿದ್ದೇವೆ ಎನ್ನಿ. ಬಿಸಿ ಮೇಲಿದೆ, ತಂಪು ಕೆಳಗಿದೆ. ಹಗುರವಾದ ಬಿಸಿಗಾಳಿ ಆಗಲೇ ಮೇಲಿರುವುದರಿಂದ ಅದಕ್ಕೆ ಚಲಿಸಲು ಕಾರಣವೇ ಇಲ್ಲ, ಸಂವಹನ ಬಹುಮಟ್ಟಿಗೆ ನಿಂತುಹೋಗುತ್ತದೆ. ನಿಂತ ಗಾಳಿಯಲ್ಲಿ ವಹನವೂ ಅತ್ಯಲ್ಪ. ಹಾಗಾದರೆ ಶಾಖ ದಾಟುವುದು ಹೇಗೆ? ಲೆಕ್ಕ ಹಾಕಿದರೆ ಆ ಅಂತರವನ್ನು ದಾಟುವ ಶಾಖದಲ್ಲಿ ನೂರಕ್ಕೆ 95 ಭಾಗ ವಿಕಿರಣ! ಬರಿಯ ಗಾಳಿಯ ಅಂತರ, ಅಂದರೆ ಸಾಮಾನ್ಯ ಫಾಲ್ಸ್ ಸೀಲಿಂಗ್, 1600 ವಾಟನ್ನು 950ಕ್ಕೆ ಮಾತ್ರ ಇಳಿಸುವುದು ಇದರಿಂದಲೇ. ಅದರ ರೋಧ ಕೇವಲ 0.15. ಅದೇ ಅಂತರದ ಒಂದು ಮೈಗೆ ಹೊಳೆಯುವ ಫಾಯಿಲ್ ಹಚ್ಚಿದರೆ ವಿಕಿರಣ ಇಪ್ಪತ್ತರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿದು, ರೋಧ 1.3ಕ್ಕೆ ಏರುತ್ತದೆ. ಒಳಬರುವ ಶಾಖ 230 ವಾಟ್. ಕಾಗದದಷ್ಟು ತೆಳ್ಳಗಿನ ಹಾಳೆ ಎರಡು ಇಂಚು ಥರ್ಮೋಕೋಲಿಗೆ ಸರಿಸಮ. ಇಳಿಜಾರು ಮಾಡಿನಲ್ಲಿ ಗಾಳಿ ಸ್ವಲ್ಪ ಹರಿದಾಡುವುದರಿಂದ ಇಷ್ಟು ಸಿಗುವುದಿಲ್ಲ, ಆದರೂ ಒಂದು ಇಂಚಿಗಿಂತ ಕಡಿಮೆಯಾಗಲಾರದು.

ರಾತ್ರಿ ಇನ್ನೂ ಸೊಗಸು. ಆಗ ಹೆಂಚು ಆಕಾಶಕ್ಕೆ ಶಾಖ ಚೆಲ್ಲಿ ಕೋಣೆಗಿಂತ ತಣ್ಣಗಾಗುತ್ತದೆ. ಈಗ ಬಿಸಿ ಕೆಳಗೆ, ತಂಪು ಮೇಲೆ. ಗಾಳಿ ಮಗುಚತೊಡಗುತ್ತದೆ. ಅದೇ ಅಂತರದ ರೋಧ 0.45ರ ಸುಮಾರಿಗೆ ಕುಸಿಯುತ್ತದೆ. ಹಗಲು ಶಾಖವನ್ನು ಬಾರದಂತೆ ತಡೆದ ಮಾಡು ರಾತ್ರಿ ಅದನ್ನು ಹೊರಗೆ ಬಿಡುತ್ತದೆ. ವಿದ್ಯುತ್ತಿಗೆ ಡಯೋಡ್ ಇದ್ದಂತೆ ಶಾಖಕ್ಕೂ ಒಂದು ಅರೆಬರೆ ಡಯೋಡ್. ಥರ್ಮೋಕೋಲಿಗೆ ಈ ಗುಣವಿಲ್ಲ, ಅದು ರಾತ್ರಿಯೂ ಅಷ್ಟೇ ಗಟ್ಟಿಯಾಗಿ ತಡೆಯುತ್ತದೆ. ತನ್ನ ಸರಕಿನ ಅತ್ಯುತ್ತಮ ಗುಣವನ್ನೇ ಹೇಳದ ಜಾಹೀರಾತನ್ನು ನಾನು ಕಂಡದ್ದು ಇದೊಂದೇ!

ಆದರೆ ಫಾಯಿಲ್ ಕೆಲಸ ಮಾಡುವುದು ಅದರ ಹೊಳಪಿನ ಮೈ ಗಾಳಿಯ ಕಡೆಗಿದ್ದರೆ ಮಾತ್ರ. ಎರಡು ಹಲಗೆಗಳ ನಡುವೆ ಅದುಮಿ ಮೊಳೆ ಹೊಡೆದರೆ ಅದು ಬರಿಯ ಅಲ್ಯೂಮಿನಿಯಂ, ಒಳ್ಳೆಯ ಉಷ್ಣವಾಹಕ. ಕರಪತ್ರದ ಚಿತ್ರದಲ್ಲಿ ಹೀಗೇ ಅದುಮಿ ತೋರಿಸಿದ್ದರು. ಹೊಳಪು ಮೇಲಿರಬೇಕೋ ಕೆಳಗಿರಬೇಕೋ ಎಂಬುದು ಮುಂದಿನ ಪ್ರಶ್ನೆ. ಬಿಸಿಲು ಮೇಲಿನಿಂದ ಬರುವುದರಿಂದ ಮೇಲೆ ಎಂದು ಹೆಚ್ಚಿನವರು ಹೇಳುತ್ತಾರೆ. ಚೆನ್ನಾಗಿ ಪ್ರತಿಫಲಿಸುವ ಮೈ ಕಡಿಮೆ ಉತ್ಸರ್ಜಿಸುತ್ತದೆ, ಆದ್ದರಿಂದ ಭೌತಶಾಸ್ತ್ರದ ಪ್ರಕಾರ ಎರಡೂ ಒಂದೇ. ದೂಳಿನ ಪ್ರಕಾರ ಒಂದೇ ಅಲ್ಲ. ಹೆಂಚಿನ ಸಂದಿಯಿಂದ ಉದುರುವ ದೂಳು ಮೇಲ್ಮುಖದ ಹೊಳಪನ್ನು ಒಂದೆರಡು ವರ್ಷಗಳಲ್ಲೇ ಮಂಕಾಗಿಸುತ್ತದೆ. ಕೆಳಮುಖದ ಮೇಲೆ ದೂಳು ಕೂರುವುದಿಲ್ಲ. ಆದ್ದರಿಂದ ಜಂತಿಗಳ ನಡುವೆ, ಹೆಂಚಿಗೆ ಹತ್ತಿರವಾಗಿ, ಹೊಳಪು ಕೆಳಗೆ ಮಾಡಿ ಹಾಳೆ ಕಟ್ಟಬೇಕು. ಜಂತಿಗಳ ಅಡಿಗೆ ಹಲಗೆ ಹೊಡೆದರೆ ನಡುವಿನ ಮೂರು ನಾಲ್ಕು ಇಂಚು ತಾನಾಗಿಯೇ ಅಂತರವಾಗುತ್ತದೆ. ಮಳೆಗಾಲದಲ್ಲಿ ಹೆಂಚು ಸೋರಿದರೆ ನೀರು ಹಾಳೆಯ ಮೇಲೆ ಜಾರಿ ಸೂರಿನ ಕಡೆ ಇಳಿಯುತ್ತದೆ. ಹಾಳೆಯ ಮೇಲೆ ಕಾದ ಗಾಳಿ ಹೊರಹೋಗಲು ಸೂರಿನಲ್ಲೂ ನೆತ್ತಿಯಲ್ಲೂ ದಾರಿ ಬಿಡಬೇಕು.

ಬಿಳಿ ಬಣ್ಣ: ಯುಗಾದಿಯಿಂದ ಯುಗಾದಿಗೆ

ಮೂರರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಬಣ್ಣದ ಕರಪತ್ರ. ಶಾಖ ಒಳಗೆ ಬಂದ ಮೇಲೆ ತಡೆಯುವುದಕ್ಕಿಂತ ಬರುವ ಮೊದಲೇ ತಿರುಗಿಸುವುದು ಮೇಲು ಎಂಬ ಅದರ ವಾದ ಸರಿ. ಹೊಸ ಬಿಳಿ ಮೈ ಬಿಸಿಲಿನ ನೂರಕ್ಕೆ 30 ಭಾಗ ಹೀರುತ್ತದೆ ಎಂದರೆ ಸೌರ-ವಾಯು ತಾಪ 70ರಿಂದ 48ಕ್ಕೆ ಬರುತ್ತದೆ, ಒಳಬರುವ ಶಾಖ 500 ವಾಟಿಗೆ. ಆದರೆ ದೂಳು ಕೂತು ಹೀರಿಕೆ 45ಕ್ಕೆ ಏರಿದರೆ 500 ಹೋಗಿ 850 ಆಗುತ್ತದೆ. ಕರಪತ್ರದಲ್ಲಿರುವುದು ಮೊದಲ ದಿನದ ಅಂಕಿ. ಸುಣ್ಣವಾದರೆ ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಹೊಸದಾಗಿ ಬಳಿಯಬಹುದು, ಮುಂದಿನ ಮಳೆಗೆ ತೊಳೆದುಹೋದರೂ ನಷ್ಟವಿಲ್ಲ, ಅದರ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ.

ಅಂಗಡಿಯೊಂದರಲ್ಲಿ ಅವನಿಗೆ ಎರಡನ್ನೂ ಹಾಕಿಸಲು ಹೇಳಿದ್ದರಂತೆ. ಬಣ್ಣಕ್ಕೆ ನೂರಕ್ಕೆ 70, ಫಾಯಿಲಿಗೆ 85, ಒಟ್ಟು ಲಾಭ 155 ಎಂಬ ಧಾಟಿಯಲ್ಲಿ. ನೂರಕ್ಕೆ ನೂರೈವತ್ತೈದು ಶಾಖ ತಡೆದರೆ ಅಟ್ಟದಲ್ಲಿ ಐಸ್‌ಕ್ರೀಮ್ ಮಾಡಬಹುದು. ಎರಡನೆಯದಾಗಿ ಬಂದವನಿಗೆ ಮೊದಲಿನವನು ಬಿಟ್ಟುಹೋದದ್ದರಲ್ಲಿ ಮಾತ್ರ ಪಾಲು. ಬಣ್ಣದ ನಂತರ ಉಳಿದ 500ರಲ್ಲಿ ಫಾಯಿಲ್ 430 ಉಳಿಸುತ್ತದೆ, ಒಳಬರುವುದು 70 ವಾಟ್. ಓದುವವನ ಮೈಯ ಶಾಖವೇ ಅದಕ್ಕಿಂತ ಹೆಚ್ಚು.

ಸಂಹಿತೆ ಏನನ್ನುತ್ತದೆ?

ಸರ್ಕಾರಿ ನಿಯಮವಿಲ್ಲವೇ ಎಂದು ನೀವು ಕೇಳಬಹುದು. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ 'ಇಕೋ ನಿವಾಸ್ ಸಂಹಿತಾ'ದ ಮೊದಲ ಭಾಗ, ಮಾಡಿನ ಯು-ಮೌಲ್ಯ 1.2 ವಾಟನ್ನು ಮೀರಬಾರದು ಎಂದಿತು. ಯು-ಮೌಲ್ಯವೆಂದರೆ ಒಂದು ಚದರ ಮೀಟರಿನಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ದಾಟುವ ಶಾಖ. ಐದು ಇಂಚಿನ ಆರ್‌ಸಿಸಿ ತಾರಸಿಯದು 3.3, ಅದು ಫೇಲು. ಒಂದು ಇಂಚು ಥರ್ಮೋಕೋಲ್ ಹಾಕಿದ ನಮ್ಮ ಹೆಂಚಿನದು 1.1, ಪಾಸು. ಒಳ್ಳೆಯ ನಿಯಮ. ಆದರೆ ಎರಡು ಕೊರತೆಗಳಿವೆ. ಮೊದಲನೆಯದು, ಈ ಅಂಕಿಗೆ ಬಣ್ಣ ಕಾಣುವುದಿಲ್ಲ. ಬಿಳಿ ಬಳಿದ ಬರಿಯ ತಾರಸಿಯಲ್ಲಿ ಸ್ಥಿರಸ್ಥಿತಿಯ ಲೆಕ್ಕಕ್ಕೆ ಇಳಿಯುವುದು ಚದರ ಮೀಟರಿಗೆ 33 ವಾಟ್. ನಿಯಮ ಪಾಲಿಸಿದ, ಬಣ್ಣವಿಲ್ಲದ ಕಪ್ಪು ಮಾಡಿನಲ್ಲಿ 38! ಫೇಲಾದವನೇ ಹೆಚ್ಚು ತಂಪು. ದೂಳು ಕೂತ ಬಣ್ಣ ಮಂಕಾಗುತ್ತದೆ, ಶಾಖರೋಧಕ ಉಳಿಯುತ್ತದೆ ಎಂಬ ಸಮರ್ಥನೆ ಇರಬಹುದು, ಒಪ್ಪುತ್ತೇನೆ. ಆದರೆ ವಾಣಿಜ್ಯ ಕಟ್ಟಡಗಳ 2017ರ ಸಂಹಿತೆ ಬಿಸಿಲಿನ ಪ್ರತಿಫಲನ 0.6 ಇರಬೇಕೆಂದು ಕೇಳಿತ್ತು. ಅಂಗಡಿಗೆ ಬೇಕಾದ ಬಿಳುಪು ಮನೆಗೇಕೆ ಬೇಡವಾಯಿತೋ ತಿಳಿಯದು.

ಎರಡನೆಯ ಕೊರತೆ ಇನ್ನೂ ದೊಡ್ಡದು. ಆ ಸಂಹಿತೆ 500 ಚದರ ಮೀಟರ್ ಅಥವಾ ಅದಕ್ಕೂ ಮೇಲಿನ ನಿವೇಶನಗಳಿಗಾಗಿ ಬರೆದದ್ದು. ನಮ್ಮ ಮೂವತ್ತು-ನಲವತ್ತರ ಸೈಟು 111 ಚದರ ಮೀಟರ್. ಮಂಡಕ್ಕಿ ಭಟ್ಟಿಯಲ್ಲಿ ಹಗಲೆಲ್ಲ ಬೆಂಕಿಯ ಮುಂದೆ ನಿಂತು ಬಂದವನು ಮಲಗುವ ಶೀಟಿನ ಮನೆ ಅದಕ್ಕಿಂತಲೂ ಚಿಕ್ಕದು. ಯಾರ ಮಾಡು ಅತಿ ಬಿಸಿಯೋ ಅವರು ಆ ನಿಯಮದ ಹೊರಗೆ ಉಳಿದರು. ತೆಲಂಗಾಣ 2023ರಲ್ಲಿ ತಂಪು ಮಾಡುಗಳಿಗೆಂದೇ ಒಂದು ನೀತಿ ತಂದಿತು, ಅಲ್ಲಿ ಸರ್ಕಾರದ ವಸತಿ ಯೋಜನೆಯ ಮನೆಗಳನ್ನೂ ಸೇರಿಸಿದರು. ನಮ್ಮ ಕಡೆಯೂ ಯೋಚಿಸಬೇಕಾದ ವಿಷಯ.

ಹೊತ್ತಿನ ಲೆಕ್ಕ

ಇದುವರೆಗಿನದು ಮಟಮಟ ಮಧ್ಯಾಹ್ನದ ಲೆಕ್ಕ. ಹೆಂಚು, ಶೀಟುಗಳಿಗೆ ಇದು ಸಾಕು, ಅವು ಬೇಗ ಕಾದು ಬೇಗ ಆರುತ್ತವೆ. ಕಾಂಕ್ರೀಟಿಗೂ ಮಣ್ಣಿಗೂ ಸಾಲದು. ದಿನದ ತಾಪದ ಅಲೆ ಕಾಂಕ್ರೀಟಿನೊಳಗೆ ಸುಮಾರು 15 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಐದು ಇಂಚಿನ ತಾರಸಿಯನ್ನು ದಾಟಲು ಮೂರು ಗಂಟೆಗೂ ಮೇಲೆ ಬೇಕು. ತಾರಸಿ ಮನೆಯಲ್ಲಿ ಸಂಜೆಯ ನಂತರವೇ ಸೆಕೆ ಹೆಚ್ಚೆನಿಸುವುದು ಇದಕ್ಕೆ. ನಮ್ಮ ಸುತ್ತಲ ಹಳ್ಳಿಗಳ ಮಾಳಿಗೆ ಮನೆಗಳಲ್ಲಿ ಒಂದು ಅಡಿ ಮಣ್ಣಿನ ಕೆಳಗೆ ಆ ಅಲೆ ತಲಪುವಾಗ ನೂರಕ್ಕೆ ಎಂಟು ಭಾಗ ಉಳಿದಿರುತ್ತದೆ, ಹತ್ತು ಗಂಟೆ ತಡವಾಗಿರುತ್ತದೆ. ವಾಹಕತೆಯ ಪಟ್ಟಿಯಲ್ಲಿ ಮಣ್ಣು ಥರ್ಮೋಕೋಲಿಗಿಂತ ಎಷ್ಟೋ ಪಟ್ಟು 'ಕೆಟ್ಟದ್ದು'. ಆದರೂ ಮಾಳಿಗೆ ತಂಪು. ಪಟ್ಟಿಯ ಒಂದು ಅಂಕಿಯಿಂದ ಆಯ್ಕೆ ಮಾಡಬಾರದೆನ್ನಲು ಇಷ್ಟು ಸಾಲದೇ? ಆದರೆ ಚದರ ಮೀಟರಿಗೆ ನಾನೂರೈವತ್ತು ಐನೂರು ಕಿಲೋ ತೂಗುವ ಆ ಮಣ್ಣನ್ನು ಹೆಂಚಿನ ಜಂತಿ ಹೊರಲಾರದು, ಆ ಆಸೆ ಬಿಡಬೇಕು. ತಾರಸಿಯುಳ್ಳವರು ಶಾಖರೋಧಕವನ್ನು ತಾರಸಿಯ ಮೇಲೆ ಹಾಸಬೇಕು, ಕೆಳಗಲ್ಲ. ಆಗ ಕಾಂಕ್ರೀಟಿನ ರಾಶಿ ನಮ್ಮ ಕಡೆ ತಂಪಾಗಿ ಉಳಿಯುತ್ತದೆ.

ಕರಪತ್ರವಿಲ್ಲದ ವಸ್ತುವೊಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಭದ್ರಾ ನಾಲೆಯ ಭತ್ತವನ್ನು ಮಿಲ್ ಮಾಡುವ ಹರಿಹರ, ಮಲೇಬೆನ್ನೂರುಗಳಲ್ಲಿ ಹೊಟ್ಟು ಬೇಕಾದಷ್ಟು. ಸಡಿಲವಾಗಿ ತುಂಬಿದ ಭತ್ತದ ಹೊಟ್ಟಿನ ವಾಹಕತೆ 0.05ರ ಹತ್ತಿರ. ಎರಡು ಇಂಚಿಗೆ ರೋಧ 1, ತೂಕ ಚದರ ಮೀಟರಿಗೆ ಆರೇಳು ಕಿಲೋ. ಸಿಲಿಕಾ ಹೆಚ್ಚಿರುವುದರಿಂದ ಭಗ್ಗನೆ ಉರಿಯದು, ಆದರೆ ಒಳಗೊಳಗೇ ಹೊಗೆಯಾಡುತ್ತದೆ. ನೆನೆಯಬಾರದು, ಇಲಿ ಸೇರಬಾರದು. ಸೋರುವ ಹೆಂಚಿನ ಕೆಳಗೆ ಈ ಎರಡನ್ನೂ ನಿಭಾಯಿಸುವುದು ಸುಲಭವಲ್ಲದ್ದರಿಂದ ಹುಡುಗನಿಗೆ ಹೇಳಲಿಲ್ಲ. ಬಿಗಿಯಾದ ಪೆಟ್ಟಿಗೆ ಗೋಡೆಗಳಲ್ಲಿ ತುಂಬಿ ನೋಡುವ ಯೋಜನೆಗೆ ಯಾವುದಾದರೂ ಪ್ರೌಢಶಾಲೆ ಮುಂದಾಗಲಿ.

ಇನ್ನೊಂದು ಎಚ್ಚರಿಕೆ ಶೀಟಿನ ಮನೆಯವರಿಗೆ. ಬೂದು ಬಣ್ಣದ ಹಳೆಯ ಸಿಮೆಂಟ್ ಶೀಟು ಬಹುಮಟ್ಟಿಗೆ ಕಲ್ನಾರಿನದು, ಅಂದರೆ ಆಸ್ಬೆಸ್ಟಾಸ್. ಅದಕ್ಕೆ ಡ್ರಿಲ್ ಹಾಕುವುದು, ಗರಗಸ ಹಿಡಿಯುವುದು, ಬಣ್ಣಕ್ಕೆ ಮೊದಲು ತಂತಿ ಬ್ರಷ್ಷಿನಿಂದ ಉಜ್ಜುವುದು ಬೇಡವೇ ಬೇಡ. ಗಾಳಿಗೆ ಏಳುವ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೂ ಮೆಸೊಥೀಲಿಯೋಮಕ್ಕೂ ಕಾರಣ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಕಾಯಿಲೆ ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ, ಆದ್ದರಿಂದ ರಜೆಯಲ್ಲಿ ಕೆಲಸ ಮಾಡಿದ ಹುಡುಗನಿಗೆ ಸಂಬಂಧ ತಿಳಿಯುವುದಿಲ್ಲ. ಅಂಥ ಶೀಟಿಗೆ ನೀರು ಚಿಮುಕಿಸಿ ಹಾಗೆಯೇ ಮೇಲೆ ಸುಣ್ಣ ಬಳಿಯಿರಿ. ಕೆಳಗಿನ ಫಾಲ್ಸ್ ಸೀಲಿಂಗನ್ನು ಗೋಡೆಯಿಂದ ಗೋಡೆಗೆ ಕಟ್ಟಿ, ಶೀಟಿಗೆ ಕೈ ಹಚ್ಚಬೇಡಿ.

ಹುಡುಗ ಫಾಯಿಲ್ ಕೊಂಡ. ಉಳಿದ ಚಿಲ್ಲರೆಯಲ್ಲಿ ಒಂದು ಚೀಲ ಸುಣ್ಣ ತಂದು ಬಿಸಿಲು ಹೆಚ್ಚು ಬೀಳುವ ಒಂದು ಕಡೆಯ ಮಾಡಿಗೆ ಬಳಿದ. ಆ ಕಡೆ ಬಳಿದದ್ದು, ಈ ಕಡೆ ಬಳಿಯದ್ದು, ಎರಡಕ್ಕೂ ಒಳಗಿನಿಂದ ಒಂದೊಂದು ತಾಪಮಾಪಕ ಕಟ್ಟಿಡು ಎಂದಿದ್ದೇನೆ. ನಿಮ್ಮ ಶಾಲೆಯಲ್ಲೂ ಇದನ್ನು ಮಾಡಬಹುದು. ಒಂದೇ ಅಳತೆಯ ನಾಲ್ಕು ರಟ್ಟಿನ ಪೆಟ್ಟಿಗೆಗಳಿಗೆ ತಗಡಿನ ಮುಚ್ಚಳ ಹಾಕಿ. ಒಂದನ್ನು ಹಾಗೆಯೇ ಬಿಡಿ, ಒಂದಕ್ಕೆ ಸುಣ್ಣ, ಒಂದರ ಮುಚ್ಚಳದ ಅಡಿಗೆ ಥರ್ಮೋಕೋಲ್, ಒಂದಕ್ಕೆ ಹೊಳಪು ಕೆಳಗಾಗಿ ಫಾಯಿಲ್ ಹಚ್ಚಿ ಮೂರು ಇಂಚು ಕೆಳಗೆ ರಟ್ಟಿನ ಪರದೆ. ಏಪ್ರಿಲ್ 29ರಂದು ತಾರಸಿಯ ಮೇಲಿಡಿ. ದಾವಣಗೆರೆಯಲ್ಲಿ ಅಂದು ನಡುಹಗಲು 12 ಗಂಟೆ 24 ನಿಮಿಷದ ಸುಮಾರಿಗೆ, ನೆಟ್ಟ ಕೋಲಿನ ನೆರಳು ಕಾಣೆಯಾಗುತ್ತದೆ. ಪ್ರತಿ ಪೆಟ್ಟಿಗೆಯಲ್ಲೂ ಮಾಡಿನ ಒಳಮೈಯ ತಾಪವನ್ನೂ ಗಾಳಿಯ ತಾಪವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ, ಮಧ್ಯಾಹ್ನ ಒಂದೂವರೆಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ.